ರಾಜಕುಮಾರ ಒಬ್ಬನೇ, ಪಕ್ಷ ಮೂರು!

ಪುಣೆಗೆ ಬಂದು ಹೋದ ‘ಪ್ರಿನ್ಸ್ ಆಫ್ ಪರ್ಷಿಯಾ’; ನಿಲ್ಲದ ಅಭಿಮಾನಿಗಳ ಪಂಚಾಯ್ತಿ

ಸೋಲಾಪುರ: ಕಳೆದ ಜನವರಿ ಕೊನೆಯ ವಾರ. ಸಿದ್ಧರಾಮೇಶ್ವರ ಜಾತ್ರೆಯ ಅಂಗಡಿಗಳು ಇನ್ನೂ ಎದ್ದಿರಲಿಲ್ಲ. ಗಣರಾಜ್ಯೋತ್ಸವದ ರಜೆ ಸೇರಿಸಿಕೊಂಡು ಪುಣೆಯಿಂದ ಬಂದಿದ್ದ ಅಕ್ಕನ ಮಗ ಚೀಲವನ್ನು ಮೂಲೆಗೆ ಎಸೆದವನೇ, ‘ಮಾಮಾ, ಸುದ್ದಿ ಗೊತ್ತಾತೇನ್ರಿ? ರಾಜಕುಮಾರ ಹೋದ’ ಎಂದ. ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ಗಕ್ಕನೆ ನಿಂತಿತು. ‘ಅಯ್ಯ ಶಿವನ, ಅವರು ಹೋಗಿ ಎಷ್ಟು ವರ್ಷ ಆತೋ ತಮ್ಮಾ, ಈಗ್ಯಾಕ ಹೇಳ್ತಿ?’ ಎಂದು ಕೇಳಿದಳು. ಆಕೆಯ ಪಾಲಿಗೆ ರಾಜಕುಮಾರ ಎಂದರೆ ಒಬ್ಬರೇ, ನಮ್ಮ ಅಣ್ಣಾವ್ರು.

ಅಳಿಯ ಹೇಳಿದ್ದು ಆ ರಾಜಕುಮಾರರ ಮಾತಲ್ಲ, ‘ಪ್ರಿನ್ಸ್ ಆಫ್ ಪರ್ಷಿಯಾ’ ಎಂಬ ಕಂಪ್ಯೂಟರ್ ಆಟದ ರಾಜಕುಮಾರನ ಮಾತು. ಫ್ರಾನ್ಸಿನ ಯೂಬಿಸಾಫ್ಟ್ ಕಂಪನಿ 2026ರ ಜನವರಿಯಲ್ಲಿ ತನ್ನ ಆರು ಆಟಗಳ ಕೆಲಸವನ್ನು ಒಮ್ಮೆಲೇ ಕೈಬಿಟ್ಟಿತು. ಆ ಆರರಲ್ಲಿ ‘ದಿ ಸ್ಯಾಂಡ್ಸ್ ಆಫ್ ಟೈಮ್’ ಆಟದ ಹೊಸ ರೂಪವೂ ಒಂದು. ಒಂದು ಕಾಲಕ್ಕೆ ಅದು ತಯಾರಾಗುತ್ತಿದ್ದುದು ದೂರದ ದೇಶದಲ್ಲಲ್ಲ, ನಮ್ಮ ಊರಿನಿಂದ ಹುಡುಗರು ಬೆಳಗಿನ ರೈಲು ಹತ್ತಿ ಹೋಗುವ ಪುಣೆಯಲ್ಲಿ ಮತ್ತು ಮುಂಬೈಯಲ್ಲಿ ಎಂಬುದು ಎಷ್ಟೋ ಓದುಗರಿಗೆ ತಿಳಿದಿರಲಿಕ್ಕಿಲ್ಲ.

ಅಂದು ರಾತ್ರಿ ಊಟದ ಹೊತ್ತಿಗೆ ನಮ್ಮ ಮನೆಯಲ್ಲಿ ಮೂರು ಪಕ್ಷಗಳಾದವು. ನಾನು ಡಾಸ್ ಕಾಲದ ಹಳೆಯ ಆಟದ ಪಕ್ಷ. ಅಳಿಯ 2003ರ ‘ಸ್ಯಾಂಡ್ಸ್’ ಪಕ್ಷ. ಕಾಲೇಜು ಓದುತ್ತಿರುವ ಮಗಳು 2024ರ ‘ದಿ ಲಾಸ್ಟ್ ಕ್ರೌನ್’ ಪಕ್ಷ. ಒಂದೇ ಹೆಸರಿನ ಆಟ, ಒಬ್ಬರು ಹೇಳುವ ರಾಜಕುಮಾರ ಇನ್ನೊಬ್ಬರಿಗೆ ಗುರುತೇ ಇಲ್ಲ. ನಮ್ಮ ಮನೆಯ ಈ ಜಗಳವೇ ಇಪ್ಪತ್ತು ವರ್ಷಗಳಿಂದ ಜಗತ್ತಿನ ಎಲ್ಲ ಕಡೆಯ ಅಭಿಮಾನಿಗಳ ನಡುವೆ ನಡೆದಿದೆ. ಅದರ ಕಥೆ ಕೇಳುವಂಥದ್ದು.

ಚಪ್ಪಲಿ ಹೊರಗೆ, ರಾಜಕುಮಾರ ಒಳಗೆ

1990ರ ದಶಕದಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋದವರಿಗೆ ಈ ದೃಶ್ಯ ನೆನಪಿರಬಹುದು. ಬಾಗಿಲ ಹೊರಗೆ ಚಪ್ಪಲಿ ಬಿಡಬೇಕು. ಒಳಗೆ ತಣ್ಣನೆಯ ಕೋಣೆ, ಒಂದು ಕಂಪ್ಯೂಟರಿಗೆ ಇಬ್ಬರು. ವರ್ಡ್‌ಸ್ಟಾರ್, ಲೋಟಸ್ ಪಾಠ ಮುಗಿದು ಸರ್ ಚಹಾಕ್ಕೆ ಹೊರಗೆ ಹೋದರೆ ಸಾಕು, ಯಾರದೋ ಜೇಬಿನಿಂದ ಒಂದು ಫ್ಲಾಪಿ ಹೊರಬರುತ್ತಿತ್ತು. ಪರದೆಯ ಮೇಲೆ ಬಿಳಿ ಬಟ್ಟೆಯ ಪುಟ್ಟ ಮನುಷ್ಯನೊಬ್ಬ ಕತ್ತಲೆಯ ಸೆರೆಮನೆಯಲ್ಲಿ ಓಡುತ್ತಿದ್ದ.

ವಜೀರ ಜಾಫರ್ ರಾಜಕುಮಾರಿಯನ್ನು ಬಂಧಿಸಿ ಒಂದು ತಾಸಿನ ಗಡುವು ಕೊಟ್ಟಿದ್ದಾನೆ. ಮದುವೆಯಾಗಬೇಕು, ಇಲ್ಲವೇ ಸಾಯಬೇಕು. ಅಷ್ಟರೊಳಗೆ ನಾಯಕ ಮೇಲಿನ ಗೋಪುರ ತಲುಪಬೇಕು. 60 ನಿಮಿಷ ಎಂದರೆ ನಿಜವಾದ 60 ನಿಮಿಷ. ಕುಸಿಯುವ ನೆಲ, ನೆಲದಿಂದ ಏಳುವ ಮೊಳೆಗಳು, ಕಚಕ್ ಎಂದು ಮುಚ್ಚುವ ಕತ್ತರಿ. ಜಿಗಿತ ಒಂದು ಹೆಜ್ಜೆ ತಪ್ಪಿದರೆ ಕಥೆ ಮುಗಿಯಿತು. ಆಟ ಶುರು ಮಾಡುವಾಗ ಹೆಸರಿನ ಮುಂದೆ ‘ಮೆಗಾಹಿಟ್’ ಎಂದು ಸೇರಿಸಿ ಟೈಪ್ ಮಾಡಿದರೆ ಕಳ್ಳದಾರಿ ತೆರೆಯುತ್ತದೆ ಎಂಬ ಗುಟ್ಟನ್ನು ನಮ್ಮ ಕ್ಲಾಸಿನಲ್ಲಿ ಒಬ್ಬರಿಗೊಬ್ಬರು ಕಿವಿಯಲ್ಲಿ ಹೇಳಿಕೊಂಡಿದ್ದೆವು. ಫ್ಲಾಪಿ ಅಸಲಿಯೋ ನಕಲಿಯೋ ಎಂದು ಅಂದು ಯಾರೂ ಕೇಳಲಿಲ್ಲ. ಎಲ್ಲವೂ ನಕಲಿಯೇ ಇದ್ದವು, ಒಪ್ಪಿಕೊಳ್ಳಬೇಕು.

ಈ ಆಟವನ್ನು ಹೆಚ್ಚುಕಡಿಮೆ ಒಂಟಿಯಾಗಿ ಕಟ್ಟಿದವರು ಅಮೆರಿಕದ ಜೋರ್ಡನ್ ಮೆಕ್ನರ್. 1985ರಲ್ಲಿ ಶುರು ಮಾಡಿ 1989ರಲ್ಲಿ ಆಪಲ್ 2 ಕಂಪ್ಯೂಟರಿಗೆ ಹೊರತಂದರು. ತಮ್ಮ ಡೇವಿಡ್‌ನನ್ನು ಓಡಿಸಿ, ಜಿಗಿಸಿ, ಗೋಡೆಗೆ ಜೋತುಬೀಳಿಸಿ ವಿಡಿಯೋ ತೆಗೆದು, ಆ ಚಿತ್ರಗಳ ಮೇಲೆ ಒಂದೊಂದೇ ಭಂಗಿಯನ್ನು ಬಿಡಿಸಿದರು. ಕತ್ತಿವರಸೆಗೆ 1938ರ ರಾಬಿನ್‌ಹುಡ್ ಚಲನಚಿತ್ರದ ದೃಶ್ಯ ಆಧಾರ. ಸಂಗೀತ ಅವರ ತಂದೆಯದು. ಕಂಪ್ಯೂಟರಿನ ಮೆಮೊರಿ ತುಂಬಿಹೋಗಿ ಶತ್ರುವಿನ ಚಿತ್ರಕ್ಕೆ ಜಾಗ ಇಲ್ಲದಾದಾಗ ರಾಜಕುಮಾರನ ಚಿತ್ರವನ್ನೇ ತಿರುವುಮುರುವು ಮಾಡಿ ಒಬ್ಬ ‘ನೆರಳು ಮನುಷ್ಯ’ನನ್ನು ಸೃಷ್ಟಿಸಿದರು. ಕನ್ನಡಿಯಿಂದ ಹೊರಬರುವ ಈ ನೆರಳನ್ನು ಕೊನೆಗೆ ಕೊಲ್ಲುವಂತಿಲ್ಲ. ಕತ್ತಿ ಒಳಗಿಟ್ಟು ಅಪ್ಪಿಕೊಂಡರೆ ಮಾತ್ರ ದಾರಿ. ಬಡತನದಲ್ಲಿ ಹುಟ್ಟಿದ ಉಪಾಯವೇ ಆಟದ ಅತ್ಯುತ್ತಮ ಘಟ್ಟವಾಯಿತು.

ಇನ್ನೊಂದು ಮಾತು. ಇಂದು ಎಲ್ಲರೂ ಕೊಂಡಾಡುವ ಈ ಆಟ ಮೊದಲಿಗೆ ಅಮೆರಿಕದಲ್ಲಿ ಓಡಲಿಲ್ಲ. ಆಪಲ್ 2ರ ಕಾಲ ಆಗಲೇ ಮುಗಿಯುತ್ತಿತ್ತು. ಡಾಸ್ ರೂಪ ಬಂದು, ಹೊರದೇಶಗಳಲ್ಲಿ ಹೆಸರಾಗಿ, ನಿಧಾನವಾಗಿ ಬೇರು ಬಿಟ್ಟಿತು. ಈ ಸಂಗತಿ ಮುಂದೆ ಮತ್ತೆ ನೆನಪಿಗೆ ಬರಲಿದೆ.

ಅಳಿಯನ ರಾಜಕುಮಾರ

1999ರಲ್ಲಿ ಬಂದ ಮೂರು ಆಯಾಮದ ‘ಪ್ರಿನ್ಸ್ ಆಫ್ ಪರ್ಷಿಯಾ 3ಡಿ’ ದೋಷಗಳಿಂದಾಗಿ ಸೋತಿತು. ಇನ್ನು ಮುಗಿಯಿತು ಎನ್ನುವಾಗ ಯೂಬಿಸಾಫ್ಟ್ ಸರಣಿಯನ್ನು ಕೈಗೆತ್ತಿಕೊಂಡಿತು. ಕೆನಡಾದ ಮಾಂಟ್ರಿಯಲ್ ಸ್ಟುಡಿಯೋ, ಪಾತ್ರೀಸ್ ದೆಸಿಲೆ ನೇತೃತ್ವದಲ್ಲಿ, ಮೆಕ್ನರ್ ಅವರನ್ನೇ ಕಥೆಗೆ ಕರೆಸಿಕೊಂಡು 2003ರಲ್ಲಿ ‘ದಿ ಸ್ಯಾಂಡ್ಸ್ ಆಫ್ ಟೈಮ್’ ತಂದಿತು. ಇದು ಮೊದಲ ಮರುಜನ್ಮ.

ಕಥೆ ಶುರುವಾಗುವುದೇ ಭಾರತದ ಮಹಾರಾಜನೊಬ್ಬನ ಅರಮನೆಯಲ್ಲಿ. ಪರ್ಷಿಯಾದ ಸೇನೆ ದಾಳಿ ಮಾಡಿ, ಕಾಲದ ಮರಳು ತುಂಬಿದ ದೊಡ್ಡ ಗಡಿಯಾರವನ್ನೂ ಒಂದು ಕಠಾರಿಯನ್ನೂ ದೋಚುತ್ತದೆ. ಮಹಾರಾಜನ ಮಗಳು ಫರಾಳನ್ನು ಸೆರೆಹಿಡಿಯುತ್ತದೆ. ವಜೀರನ ಮಾತಿಗೆ ಮರುಳಾಗಿ ರಾಜಕುಮಾರ ಆ ಮರಳನ್ನು ಬಿಡುಗಡೆ ಮಾಡಿದಾಗ ಎಲ್ಲರೂ ಮರಳಿನ ಪಿಶಾಚಿಗಳಾಗುತ್ತಾರೆ. ಉಳಿದ ಆಟವೆಲ್ಲ ತಾನೇ ಮಾಡಿದ ತಪ್ಪನ್ನು ತಿದ್ದುವ ಪ್ರಯತ್ನ. ಕಠಾರಿಯ ಗುಂಡಿ ಒತ್ತಿದರೆ ಕಾಲ ಹಿಂದಕ್ಕೆ ಸರಿಯುತ್ತದೆ, ಬಿದ್ದವನು ಮತ್ತೆ ಗೋಡೆಯ ಮೇಲಿರುತ್ತಾನೆ. ಕಥೆ ಹೇಳುವವನೂ ರಾಜಕುಮಾರನೇ ಆದ್ದರಿಂದ, ಆಟಗಾರ ಸತ್ತರೆ ‘ಹಾಗಲ್ಲ, ಹಾಗಾಗಲಿಲ್ಲ’ ಎಂಬ ಅರ್ಥದಲ್ಲಿ ತನ್ನ ಮಾತನ್ನು ತಾನೇ ತಿದ್ದಿಕೊಳ್ಳುತ್ತಾನೆ.

‘ನಾ ಒಂಬತ್ತನೇತ್ತಾ ಇದ್ದಾಗ ಒಂದ್ ತಾಸಿಗೆ ಹತ್ತ್ ರೂಪಾಯಿ ಕೊಟ್ಟು ಕೆಫೆದಾಗ ಆಡೀನ್ರಿ ಮಾಮಾ. ಗ್ವಾಡಿ ಮ್ಯಾಲ ಓಡೂದು ನೋಡಿ ಬಾಯಿ ತೆರದು ನಿಂತಿದ್ದೆ’ ಎನ್ನುತ್ತಾನೆ ಅಳಿಯ. ಅವನಿಗೆ ಅದೇ ಅಸಲಿ. ನನ್ನ ಸೆರೆಮನೆಯ ರಾಜಕುಮಾರ ಅವನ ಪಾಲಿಗೆ ಅಜ್ಜನ ಕಾಲದ ಗೊಂಬೆ.

ಆದರೆ ಜಗಳ ಶುರುವಾದದ್ದೂ ಅಲ್ಲಿಂದಲೇ. ವಿಮರ್ಶಕರು ಹೊಗಳಿದಷ್ಟು ಆ ಆಟ ಮೊದಲಿಗೆ ಮಾರಾಟವಾಗಲಿಲ್ಲ. 2004ರ ಕೊನೆಗೆ ಬಂದ ಮುಂದಿನ ಭಾಗ ‘ವಾರಿಯರ್ ವಿದಿನ್’ನಲ್ಲಿ ನಗುಮುಖದ ರಾಜಕುಮಾರ ಮಾಯವಾಗಿ, ಹಲ್ಲು ಕಚ್ಚಿದ ಸಿಡುಕ ಬಂದ. ರಕ್ತ, ಹೆವಿ ಮೆಟಲ್ ಸಂಗೀತ, ಕತ್ತಲೆ. ಹೊಡೆದಾಟ ಸುಧಾರಿಸಿತ್ತು ಎಂದು ಒಂದು ಗುಂಪು, ಅರೇಬಿಯನ್ ನೈಟ್ಸ್ ಸೊಗಸೇ ಹೋಯಿತು ಎಂದು ಇನ್ನೊಂದು ಗುಂಪು. ಮೂಲ ಕರ್ತೃ ಮೆಕ್ನರ್ ಕೂಡ ಆ ಹಿಂಸೆ ತಮಗೆ ಹಿಡಿಸಲಿಲ್ಲ ಎಂದು ಬಹಿರಂಗವಾಗಿಯೇ ಹೇಳಿದರು. 2005ರ ‘ದಿ ಟೂ ಥ್ರೋನ್ಸ್’ ಎರಡೂ ಗುಂಪನ್ನು ಸಮಾಧಾನ ಮಾಡಲು ನೋಡಿತು. ಒಳ್ಳೆಯ ರಾಜಕುಮಾರ, ಕರಾಳ ರಾಜಕುಮಾರ ಇಬ್ಬರನ್ನೂ ಒಂದೇ ದೇಹದಲ್ಲಿ ಇಟ್ಟಿತು. ಪಂಚರು ಹೊಲವನ್ನು ಎರಡು ಪಾಲು ಮಾಡಿಕೊಟ್ಟಂತೆ!

ಕೈ ಹಿಡಿದೆತ್ತುವ ಎಲಿಕಾ

2008ರ ಡಿಸೆಂಬರಿನಲ್ಲಿ ಕಂಪನಿ ಮತ್ತೊಮ್ಮೆ ಹೊಸದಾಗಿ ಶುರು ಮಾಡಿತು. ಹೆಸರು ಬರೀ ‘ಪ್ರಿನ್ಸ್ ಆಫ್ ಪರ್ಷಿಯಾ’. ಹೊಸ ನಾಯಕ, ಹೊಸ ಲೋಕ, ಬಣ್ಣದ ಚಿತ್ರಕಥೆಯಂಥ ನೋಟ. ಜೊತೆಗೆ ಎಲಿಕಾ ಎಂಬ ರಾಜಕುಮಾರಿ. ನಾಯಕ ಕಂದಕಕ್ಕೆ ಬಿದ್ದರೆ ಆಕೆ ಕೈ ಹಿಡಿದು ಮೇಲೆತ್ತುತ್ತಾಳೆ. ಅಂದರೆ ಆಟಗಾರ ಸಾಯುವುದೇ ಇಲ್ಲ.

ಇದರ ಮೇಲೆ ನಡೆದ ವಾದ ಇಂದಿಗೂ ಮುಗಿದಿಲ್ಲ. ಸಾವಿನ ಭಯ ಇಲ್ಲದ ಆಟ ಆಟವೇ ಅಲ್ಲ ಎಂದರು ಹಲವರು. ಬೇರೆ ಆಟದಲ್ಲಿ ಸತ್ತರೂ ಸ್ವಲ್ಪ ಹಿಂದಿನ ಜಾಗದಿಂದಲೇ ಮತ್ತೆ ಶುರು ತಾನೆ, ಎಲಿಕಾ ಕೂಡ ಅಲ್ಲಿಗೇ ತಂದು ಬಿಡುತ್ತಾಳೆ, ವ್ಯತ್ಯಾಸ ಏನು ಎಂದು ಕೇಳಿದರು ಉಳಿದವರು. ಎರಡನೆಯ ಪ್ರಶ್ನೆಗೆ ನನ್ನ ಬಳಿ ಉತ್ತರವಿಲ್ಲ. ಆದರೆ 60 ನಿಮಿಷದ ಗಡುವಿನಲ್ಲಿ ಬೆವರಿದವನಿಗೆ ಮೊದಲನೆಯದೇ ಸರಿ ಎನಿಸುತ್ತದೆ. ವಾದ ಬುದ್ಧಿಯದಲ್ಲ, ಅಭ್ಯಾಸದ್ದು.

ಆ ಆಟದ ಕೊನೆಯೂ ವಿವಾದವಾಯಿತು. ಲೋಕ ಉಳಿಸಲು ಎಲಿಕಾ ಪ್ರಾಣ ಕೊಡುತ್ತಾಳೆ. ಅವಳನ್ನು ಬದುಕಿಸಲು ನಾಯಕ ಅಷ್ಟೂ ಹೊತ್ತಿನ ಕೆಲಸವನ್ನು ತಾನೇ ಕೆಡಿಸುತ್ತಾನೆ. ಕಥೆ ಅಲ್ಲೇ ನಿಂತಿತು. 2009ರಲ್ಲಿ ‘ಎಪಿಲಾಗ್’ ಎಂಬ ಹೆಚ್ಚುವರಿ ತುಣುಕು ಬಂದರೂ ಅದು ಪಿಸಿ ಆಟಗಾರರಿಗೆ ಸಿಗಲಿಲ್ಲ. ಆ ಕಥೆಯ ಎರಡನೇ ಭಾಗ ಬರಲೂ ಇಲ್ಲ. 2010ರಲ್ಲಿ ಜೇಕ್ ಜಿಲೆನ್‌ಹಾಲ್ ನಟಿಸಿದ ಸಿನಿಮಾ ಬಂತು. ಪರ್ಷಿಯಾದ ಕಥೆಯ ಮುಖ್ಯ ಪಾತ್ರಗಳಲ್ಲಿ ಇರಾನ್ ಮೂಲದವರೇ ಇಲ್ಲ ಎಂಬ ಟೀಕೆಯೂ ಬಂತು. ಅದೇ ಹೊತ್ತಿಗೆ ಬಂದ ‘ದಿ ಫರ್ಗಾಟನ್ ಸ್ಯಾಂಡ್ಸ್’ ಮತ್ತೆ ಹಳೆಯ ಮರಳಿನ ಕಥೆಗೇ ಮರಳಿತು. ಆಮೇಲೆ ಮೊಬೈಲಿನ ಒಂದಿಷ್ಟು ಆಟಗಳನ್ನು ಬಿಟ್ಟರೆ ಹತ್ತು ವರ್ಷ ಮೌನ.

ಈ ಮೌನಕ್ಕೆ ಒಂದು ಕಾರಣ ಮನೆಯೊಳಗೇ ಇತ್ತು. ‘ಸ್ಯಾಂಡ್ಸ್’ ನಂತರ ದೆಸಿಲೆ ತಂಡ ಮುಂದಿನ ರಾಜಕುಮಾರನ ಆಟಕ್ಕೆಂದು ಯೋಚಿಸಿದ್ದ ಹಂತಕನ ಪಾತ್ರ ಬೆಳೆದು ಬೆಳೆದು 2007ರಲ್ಲಿ ‘ಅಸ್ಯಾಸಿನ್ಸ್ ಕ್ರೀಡ್’ ಎಂಬ ಬೇರೆಯೇ ಆಟವಾಯಿತು. ಅದು ಕಂಪನಿಗೆ ಚಿನ್ನದ ಮೊಟ್ಟೆ ಇಡುವ ಕೋಳಿಯಾಯಿತು. ಸಾಕುಮಗ ಗೌಡಕಿ ಹಿಡಿದ, ಹಿರೇಮಗ ಪಡಸಾಲೆಯಲ್ಲಿ ಕೂತ.

ಪುಣೆಗೆ ಬಂದ ಭಾಗ್ಯ

2020ರ ಸೆಪ್ಟೆಂಬರ್ 10. ಕೊರೊನಾ ಕಾಲ, ಎಲ್ಲರೂ ಮನೆಯಲ್ಲೇ. ಅಳಿಯನೂ ಪುಣೆ ಬಿಟ್ಟು ಬಂದು ನಮ್ಮ ಅಟ್ಟದ ಕೋಣೆಯಿಂದಲೇ ಆಫೀಸಿನ ಕೆಲಸ ಮಾಡುತ್ತಿದ್ದ. ಅಂದು ರಾತ್ರಿ ಅವನು ಕೂಗಿದ ಕೂಗಿಗೆ ಓಣಿಯ ನಾಯಿಗಳೆಲ್ಲ ಬೊಗಳಿದವು. ‘ಸ್ಯಾಂಡ್ಸ್ ಆಫ್ ಟೈಮ್’ ಮರುನಿರ್ಮಾಣ ಘೋಷಣೆಯಾಗಿತ್ತು. 2021ರ ಜನವರಿ 21ಕ್ಕೆ ಬಿಡುಗಡೆ, ಬೆಲೆ ಸುಮಾರು 40 ಡಾಲರ್. ಕಟ್ಟುತ್ತಿರುವವರು ಯೂಬಿಸಾಫ್ಟಿನ ಪುಣೆ ಮತ್ತು ಮುಂಬೈ ಸ್ಟುಡಿಯೋದವರು.

ಪುಣೆಯ ಸ್ಟುಡಿಯೋ 2008ರಲ್ಲಿ ಗೇಮ್‌ಲಾಫ್ಟ್ ಕಂಪನಿಯಿಂದ ಯೂಬಿಸಾಫ್ಟಿಗೆ ಬಂದದ್ದು. ಮುಂಬೈಯದು 2018ರಲ್ಲಿ ಶುರುವಾದದ್ದು. ‘ಜಸ್ಟ್ ಡ್ಯಾನ್ಸ್’ನಂಥ ಆಟಗಳಲ್ಲಿ ಕೈಜೋಡಿಸುತ್ತ ಬಂದವರಿಗೆ ಇಂಥ ಹೆಸರುವಾಸಿ ಆಟದ ಮುಂದಾಳತ್ವ ಸಿಕ್ಕದ್ದು ಸಣ್ಣ ಮಾತಲ್ಲ. ಅದೂ ಭಾರತದ ಅರಮನೆಯಲ್ಲಿ ಶುರುವಾಗುವ ಕಥೆ. ಸೋಲಾಪುರ, ಅಕ್ಕಲಕೋಟ, ಜತ್ತದ ಮಕ್ಕಳು ಪುಣೆಗೆ ಹೋದರೆ ಬ್ಯಾಂಕಿನ ಸಾಫ್ಟ್‌ವೇರ್ ಅಷ್ಟೇ ಅಲ್ಲ, ಜಗತ್ತು ಆಡುವ ಆಟವನ್ನೂ ಮಾಡಬಹುದು ಎಂಬ ಆಸೆ ಹುಟ್ಟಿಸಿದ ಸುದ್ದಿ ಅದು.

ಆದರೆ ತುಣುಕು ನೋಡಿದ ಅಭಿಮಾನಿಗಳು ಸಿಡಿದೆದ್ದರು. ಮುಖಗಳು ಮೇಣದ ಗೊಂಬೆಯಂತಿವೆ, ಬೆಳಕು ಸರಿಯಿಲ್ಲ, 2020ರ ಆಟ ಹೀಗಿರುತ್ತದೆಯೇ ಎಂದರು. ಮೂಲದ ಸೊಗಸು ಕೆಡಿಸದಿದ್ದರೆ ಸಾಕು, ಬೆಲೆಯೂ ಕಡಿಮೆ ಎಂದವರು ಸಿಕ್ಕರೂ ಅವರ ದನಿ ಕ್ಷೀಣ. ಕೆಲಸವನ್ನು ಟೀಕಿಸಿದವರ ನಡುವೆ, ಭಾರತದ ಸ್ಟುಡಿಯೋ ಎಂಬ ಕಾರಣಕ್ಕೇ ಹಂಗಿಸಿದವರೂ ಇದ್ದರು. ಅಳಿಯನಿಗೆ ನುಂಗಲಾಗದ ತುತ್ತು ಅದು. ‘ಚಿತ್ರ ಛಲೋ ಇಲ್ಲ, ಒಪ್ತೀನಿ. ಆದ್ರ ಮಾಡಿದವ್ರ ಊರು ಕೇಳಿ ನಗೂದು ಯಾವ ನ್ಯಾಯರಿ?’ ಎಂದು ಅಂದು ಕೇಳಿದ್ದ. ಗಡಿಯಲ್ಲಿ ಬೆಳೆದ ನಮಗೆ ಆ ನೋವು ಹೊಸದಲ್ಲ. ಅತ್ತ ಹೋದರೆ ‘ನೀವು ಇತ್ತಲವರು’, ಇತ್ತ ಬಂದರೆ ‘ನೀವು ಅತ್ತಲವರು’ ಎನಿಸಿಕೊಂಡವರು ನಾವು.

ಮುಂದಿನದು ಗಡುವುಗಳ ಕಥೆ. ಜನವರಿಯ ಬಿಡುಗಡೆ 2021ರ ಮಾರ್ಚ್ 18ಕ್ಕೆ ಹೋಯಿತು. ಫೆಬ್ರವರಿಯಲ್ಲಿ ದಿನಾಂಕವೇ ಇಲ್ಲದಂತಾಯಿತು. 2022ರ ಮೇ ತಿಂಗಳಲ್ಲಿ ಕೆಲಸ ಪುಣೆ-ಮುಂಬೈಯಿಂದ ಮಾಂಟ್ರಿಯಲ್ ಸ್ಟುಡಿಯೋಗೆ ಹಸ್ತಾಂತರವಾಯಿತು. 2024ರಲ್ಲಿ ಒಂದು ಸಣ್ಣ ತುಣುಕು ತೋರಿಸಿ 2026ಕ್ಕೆ ಬರಲಿದೆ ಎಂದರು. 2026 ಬಂತು, ಆಟ ಬರಲಿಲ್ಲ. ಬೇಕಾದ ಗುಣಮಟ್ಟ ಮುಟ್ಟಲಿಲ್ಲ, ಇನ್ನಷ್ಟು ಕಾಲ ಮತ್ತು ಹಣ ಹಾಕಲಾಗದು ಎಂಬುದು ಕಂಪನಿಯ ವಿವರಣೆ.

ಇಲ್ಲಿ ಒಂದು ಮಾತು ಗಮನಿಸಬೇಕು. ಮೂಲ ಆಟವನ್ನು ಕಟ್ಟಿದ ಮಾಂಟ್ರಿಯಲ್ ಸ್ಟುಡಿಯೋದ ಕೈಗೆ ಹೋದ ಮೇಲೂ, ಮೂರೂವರೆ ವರ್ಷ ಕಳೆದ ಮೇಲೂ, ಕೆಲಸ ದಡ ಮುಟ್ಟಲಿಲ್ಲ. ಹಾಗಿದ್ದ ಮೇಲೆ 2020ರಲ್ಲಿ ಪುಣೆಯ ಹುಡುಗರನ್ನು ಮಾತ್ರ ಹೀಗಳೆದವರು ಈಗೇನು ಹೇಳುತ್ತಾರೆ? ಹಳೆಯ ಆಟವನ್ನು ಜನರ ನೆನಪಿನಲ್ಲಿರುವಷ್ಟು ಚಂದವಾಗಿ ಕಟ್ಟುವುದು ಎಲ್ಲಿಯವರಿಗೂ ಕಷ್ಟವೇ. ನೆನಪು ಪ್ರತಿ ವರ್ಷ ಇನ್ನಷ್ಟು ಚಂದವಾಗುತ್ತ ಹೋಗುತ್ತದಲ್ಲ!

ರಾಜಕುಮಾರನೇ ನಾಯಕನಲ್ಲ!

ಈಗ ಮಗಳ ಪಕ್ಷ. 2023ರ ಜೂನಿನಲ್ಲಿ ‘ದಿ ಲಾಸ್ಟ್ ಕ್ರೌನ್’ ಪ್ರಕಟವಾದಾಗ ಹಳೆಯ ಎರಡೂ ಪಕ್ಷಗಳು ಅಪರೂಪಕ್ಕೆ ಒಂದಾಗಿ ಬೈದವು. ಕಾರಣ ಮೂರು. ಆಟ ಮತ್ತೆ ಪಕ್ಕದಿಂದ ನೋಡುವ ಚಪ್ಪಟೆ ನೋಟಕ್ಕೆ ಹೋಗಿತ್ತು. ತುಣುಕಿನ ಹಿನ್ನೆಲೆಯಲ್ಲಿ ಹಿಪ್‌ಹಾಪ್ ಸಂಗೀತ ಇತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಆಡುವ ನಾಯಕ ರಾಜಕುಮಾರನಲ್ಲ. ಸರ್ಗೋನ್ ಎಂಬ ಯೋಧ. ರಾಜಕುಮಾರ ಘಸ್ಸಾನನನ್ನು ಯಾರೋ ಅಪಹರಿಸಿದ್ದಾರೆ, ಅವನನ್ನು ಬಿಡಿಸಿಕೊಂಡು ಬರಲು ಸರ್ಗೋನ್ ಕಾಫ್ ಪರ್ವತಕ್ಕೆ ಹೋಗುತ್ತಾನೆ.

‘ಸಂಗೊಳ್ಳಿ ರಾಯಣ್ಣ ನಾಟಕದಾಗ ರಾಯಣ್ಣನ್ನ ಬಿಟ್ಟು ಪಾರಿವಾಳ ಹಾರಿಸಾಂವನ್ನ ಹೀರೋ ಮಾಡಿಧಂಗ ಆತು’ ಎಂದು ನಾನೂ ಅಂದಿದ್ದೆ. ಮಗಳು ಸುಮ್ಮನಿರಲಿಲ್ಲ. ‘ಅಪ್ಪಾ, ನೀ ಆಡಿ ನೋಡೀಯೇನು? ನಿನ್ನ ಫ್ಲಾಪಿ ಆಟಾನೂ ಪಕ್ಕದಿಂದ ನೋಡೂದೇ ಇತ್ತಲ್ಲ!’ ಎಂದಳು. ಆ ಮಾತಿಗೆ ಉತ್ತರ ಸಿಗಲಿಲ್ಲ.

2024ರ ಜನವರಿ 18ಕ್ಕೆ ಫ್ರಾನ್ಸಿನ ಮಾಂಪೆಲಿಯೇ ಸ್ಟುಡಿಯೋ ಕಟ್ಟಿದ ಆ ಆಟ ಬಂತು. ಆಡಿದವರು ಸೋತರು, ಅಂದರೆ ಮನಸೋತರು. ಜಿಗಿತ ಕರಾರುವಾಕ್ಕು, ನಕ್ಷೆ ಜಾಣತನದ್ದು. ಕಂಡ ಬೀಗದ ಬಾಗಿಲನ್ನು ಚಿತ್ರ ತೆಗೆದು ನಕ್ಷೆಯ ಮೇಲೆ ಅಂಟಿಸಿಕೊಳ್ಳುವ ಅನುಕೂಲವನ್ನಂತೂ ಎಲ್ಲರೂ ಮೆಚ್ಚಿದರು. ಸೀಮುರ್ಗ್ ಪಕ್ಷಿ, ಕಾಫ್ ಪರ್ವತ ಹೀಗೆ ಇರಾನಿನ ಪುರಾಣಗಳನ್ನು ನಿಜವಾಗಿ ಓದಿ ಮಾಡಿದ ಕೆಲಸ. ಹೆಸರಿನಲ್ಲಿ ಪರ್ಷಿಯಾ ಹೊತ್ತ ಈ ಸರಣಿಯಲ್ಲಿ ಪಾತ್ರಗಳು ಫಾರ್ಸಿಯಲ್ಲಿ ಮಾತಾಡುವುದನ್ನು ಕೇಳುವ ಅವಕಾಶ ಸಿಕ್ಕಿದ್ದು ಅದೇ ಮೊದಲು.

ಮಗಳು ಒಂದು ದಿನ ಫಾರ್ಸಿ ಮಾತು ಹಚ್ಚಿ ಆಡುತ್ತಿದ್ದಾಗ ಅವ್ವ ಪಕ್ಕದಲ್ಲಿ ಹತ್ತಿ ಬಿಡಿಸುತ್ತ ಕೂತಿದ್ದಳು. ನಾವು ದಿನಾ ಆಡುವ ಜಮೀನು, ಬಜಾರ, ದರ್ಬಾರು, ಕಾರ್ಖಾನೆ, ದವಾಖಾನೆ ಎಲ್ಲ ಆ ಭಾಷೆಯಿಂದ ಬಂದವೇ. ಆದಿಲ್‌ಶಾಹಿ ಕಾಲದಲ್ಲಿ ವಿಜಾಪುರದ ದರ್ಬಾರಿನಲ್ಲಿ ನಡೆಯುತ್ತಿದ್ದ ಭಾಷೆ, ಸೋಲಾಪುರದ ಕೋಟೆಯೊಳಗೂ ಕೇಳಿದ ಭಾಷೆ. ಇದನ್ನು ಹೇಳಿದಾಗ ಮಗಳಿಗೆ ಬೆರಗು. ನನಗೂ ಆಟ ಹತ್ತಿರವಾದದ್ದು ಆವತ್ತೇ.

ಆದರೆ ಕಂಪನಿ ಲೆಕ್ಕ ಹಾಕಿದಷ್ಟು ಆಟ ಮಾರಾಟವಾಗಲಿಲ್ಲ. 2024ರ ಅಕ್ಟೋಬರಿನಲ್ಲಿ ಆ ತಂಡವನ್ನೇ ಬಿಡಿಸಿ ಬೇರೆ ಬೇರೆ ಕೆಲಸಕ್ಕೆ ಹಚ್ಚಿದ ಸುದ್ದಿ ಹೊರಬಿತ್ತು. ಎರಡನೇ ಭಾಗದ ಆಸೆ ಇಟ್ಟವರಿಗೆ ತಣ್ಣೀರು. ‘ನೀವು ಬೈದ್ರಿ, ಜನ ಕೊಳ್ಳಲಿಲ್ಲ, ಈಗ ಇಬ್ಬರದೂ ಹೋತು’ ಎಂಬುದು ಮಗಳ ಆರೋಪ. ಅಳಿಯ ಒಪ್ಪುವುದಿಲ್ಲ. ಬೆಲೆ ಜಾಸ್ತಿ ಇತ್ತು, ಪಿಸಿಯಲ್ಲಿ ಎಲ್ಲರೂ ಕೊಳ್ಳುವ ಸ್ಟೀಮ್ ಅಂಗಡಿಗೆ ಆಗಸ್ಟ್‌ವರೆಗೆ ತರಲೇ ಇಲ್ಲ, ಇದಕ್ಕೆ ಅಭಿಮಾನಿ ಏನು ಮಾಡಿಯಾನು ಎಂಬುದು ಅವನ ಮರುಪ್ರಶ್ನೆ. ಇಬ್ಬರ ಮಾತಿನಲ್ಲೂ ಸತ್ಯವಿದೆ. ಆದರೆ ಒಂದು ನೆನಪಿರಲಿ. 1989ರ ಮೂಲ ಆಟವೂ ಮೊದಲಿಗೆ ಓಡಿರಲಿಲ್ಲ. ಅಂದು ಅದಕ್ಕೆ ಕಾಯುವಷ್ಟು ಕಾಲ ಸಿಕ್ಕಿತು.

ಬೈಗುಳದಿಂದ ಬಣ್ಣ ಬದಲು

ಅಭಿಮಾನಿಗಳ ಮಾತಿಗೆ ಕಿವಿಗೊಟ್ಟರೆ ಆಟ ಕೆಡುತ್ತದೆಯೇ, ಸುಧಾರಿಸುತ್ತದೆಯೇ? ಎರಡಕ್ಕೂ ಉದಾಹರಣೆ ಇದೇ ಸರಣಿಯಲ್ಲಿದೆ. 2024ರ ಮೇ ತಿಂಗಳಲ್ಲಿ ‘ಇವಿಲ್ ಎಂಪೈರ್’ ಎಂಬ ಸಣ್ಣ ಫ್ರೆಂಚ್ ಸ್ಟುಡಿಯೋ ‘ದಿ ರೋಗ್ ಪ್ರಿನ್ಸ್ ಆಫ್ ಪರ್ಷಿಯಾ’ ಆಟವನ್ನು ಅರ್ಧ ಬೆಂದ ಸ್ಥಿತಿಯಲ್ಲೇ ಜನರ ಮುಂದಿಟ್ಟಿತು. ರುಚಿ ನೋಡಿ ಹೇಳಿ ಎಂಬುದು ಅದರ ಧೋರಣೆ. ಅದರ ರಾಜಕುಮಾರನ ಮೈ ನೇರಳೆ ಬಣ್ಣದ್ದಾಗಿತ್ತು. ಮನುಷ್ಯನಂತೆ ಕಾಣುವುದಿಲ್ಲ ಎಂದು ಆಟಗಾರರು ಹೇಳಿದರು. ತಂಡ ಕೋಪಿಸಿಕೊಳ್ಳದೆ ಬಣ್ಣವನ್ನೂ ಚಿತ್ರಶೈಲಿಯನ್ನೂ ತಿದ್ದಿತು. 2025ರ ಆಗಸ್ಟ್‌ನಲ್ಲಿ ಪೂರ್ಣ ಆಟ ಹೊರಬಂತು.

ಇದಕ್ಕೆ ವಿರುದ್ಧದ ಉದಾಹರಣೆ ‘ಸ್ಯಾಂಡ್ಸ್’ ಮರುನಿರ್ಮಾಣ. ಅಲ್ಲಿ ಎಲ್ಲ ಕೆಲಸ ಮುಚ್ಚಿದ ಬಾಗಿಲ ಹಿಂದೆ ನಡೆಯಿತು. ಬಾಗಿಲು ತೆರೆದಾಗ ಬಿಡುಗಡೆಗೆ ನಾಲ್ಕೂವರೆ ತಿಂಗಳಷ್ಟೇ ಬಾಕಿ. ಜನ ಬೈದಾಗ ತಿದ್ದಲು ಸಮಯ ಇಲ್ಲ, ಬಿಡಲು ಧೈರ್ಯ ಇಲ್ಲ. ಅಡುಗೆಯ ಉಪ್ಪನ್ನು ಕುದಿಯುವಾಗ ನೋಡಬೇಕು, ಎಲೆಗೆ ಬಡಿಸಿದ ಮೇಲೆ ನೋಡಿದರೇನು ಫಲ?

ಅಭಿಮಾನಿಗಳ ತಪ್ಪೂ ಇಲ್ಲದಿಲ್ಲ. ಪ್ರತಿ ಪೀಳಿಗೆಯೂ ತಾನು ಹದಿನೈದರ ವಯಸ್ಸಿನಲ್ಲಿ ಆಡಿದ್ದೇ ಅಸಲಿ ಎಂದು ಹಟ ಹಿಡಿದಿದೆ. 1989, 2003, 2008, 2024 ಹೀಗೆ ನಾಲ್ಕು ಸಲ ಹುಟ್ಟಿದ ರಾಜಕುಮಾರನಿಗೆ ಒಂದೇ ಮುಖ ಇರಲಿ ಎಂದರೆ ಹೇಗೆ? ನಮ್ಮ ಊರಿನ ಚಾದರದ ಮಾತೂ ಹಾಗೇ ಅಲ್ಲವೇ. ಅದೇ ಹೂಬಳ್ಳಿಯ ನಕ್ಷೆ, ಅದೇ ಅಂಚು. ಆದರೂ ಅಜ್ಜಿ ಕೈಯಲ್ಲಿ ಹಿಡಿದು ‘ಆಗಿನ ಚಾದರದ ಭಾರ ಇದಕ್ಕಿಲ್ಲ’ ಎನ್ನುತ್ತಾಳೆ. ಹೊದ್ದು ಮಲಗುವ ಮೊಮ್ಮಗನಿಗೆ ಬೆಚ್ಚಗಿದ್ದರೆ ಸಾಕು.

ಮುಂದೇನು?

ಸರಣಿ ಮುಗಿಯಿತು ಎಂದು ಕಂಪನಿ ಹೇಳಿಲ್ಲ. ಆದರೆ ಕಂಪನಿಯೇ ಕಷ್ಟದಲ್ಲಿದೆ. ಅದೇ ಜನವರಿಯಲ್ಲಿ ಆಟಗಳ ಜೊತೆಗೆ ಸ್ಟುಡಿಯೋಗಳಿಗೂ ಬೀಗ ಬಿದ್ದಿದೆ. ಆಟದ ಉದ್ಯಮಕ್ಕೆ ಸೇರಬೇಕೆಂದಿರುವ ನಮ್ಮ ಮಕ್ಕಳು ಇದನ್ನು ತಿಳಿದಿರುವುದು ಒಳ್ಳೆಯದು. ಐದು-ಆರು ವರ್ಷ ಬೆವರು ಸುರಿಸಿದ ಕೆಲಸ ಅಂಗಡಿಗೇ ಬಾರದೆ ಪೆಟ್ಟಿಗೆ ಸೇರಬಹುದು. ಪುಣೆ, ಮುಂಬೈಯಲ್ಲಿ ಆ ಆಟದ ಗೋಡೆ, ಕಂಬ, ಕಮಾನುಗಳನ್ನು ಬಿಡಿಸಿದ ಕೈಗಳಿಗೆ ಇಂದು ‘ಇದು ನಾ ಮಾಡಿದ್ದು’ ಎಂದು ಮನೆಯವರಿಗೆ ತೋರಿಸಲು ಏನೂ ಇಲ್ಲ. ಅಭಿಮಾನಿಗಳ ಸೋಲಿಗಿಂತ ಅದು ದೊಡ್ಡ ನಷ್ಟ.

ಇತ್ತ ಅಭಿಮಾನಿಗಳು ಸುಮ್ಮನೆ ಕೂತಿಲ್ಲ. 2012ರಲ್ಲಿ ಮೆಕ್ನರ್ ಅವರ ತಂದೆ ಮನೆಯ ಮೂಲೆಯ ಪೆಟ್ಟಿಗೆಯೊಂದರಲ್ಲಿ ಕಳೆದುಹೋಗಿದ್ದ ಫ್ಲಾಪಿಗಳನ್ನು ಪತ್ತೆ ಮಾಡಿದರು. ಅವುಗಳಲ್ಲಿ 1989ರ ಆಟದ ಮೂಲ ಬರಹವೇ ಇತ್ತು. ಮೆಕ್ನರ್ ಅದನ್ನು ಎಲ್ಲರಿಗೂ ನೋಡಲು ತೆರೆದಿಟ್ಟರು. ಡಾಸ್ ರೂಪವನ್ನು ಅಭಿಮಾನಿಗಳೇ ಎಳೆಎಳೆಯಾಗಿ ಬಿಚ್ಚಿ, ಇಂದಿನ ಕಂಪ್ಯೂಟರಿಗೆ ಒಗ್ಗುವಂತೆ ಮತ್ತೆ ಹೆಣೆದಿದ್ದಾರೆ. ಹೊಸ ಹೊಸ ಸೆರೆಮನೆಗಳನ್ನು ಕಟ್ಟಿ ಹಂಚಿಕೊಳ್ಳುತ್ತಿದ್ದಾರೆ. 2003ರ ‘ಸ್ಯಾಂಡ್ಸ್’ ಕೂಡ ಪಿಸಿಗೆ ಈಗಲೂ ಕೊಳ್ಳಲು ಸಿಗುತ್ತದೆ. ಮರುನಿರ್ಮಾಣ ಹೋದರೂ ಮೂಲ ಎಲ್ಲಿಯೂ ಹೋಗಿಲ್ಲ.

ಆ ರಜೆಯ ರಾತ್ರಿ ವಾದ ಹನ್ನೊಂದು ಗಂಟೆ ದಾಟಿತು. ಕೊನೆಗೆ ಅವ್ವ ಎದ್ದು ಬಂದಳು. ‘ಇಲ್ಲದ ಅರಸನ ಸಲುವಾಗಿ ಇದ್ದ ಮಂದಿ ಯಾಕ ಜಗಳಾಡ್ತೀರಿ? ಅವನ್ನ ಆಡಿ ತೋರಸ್ರಿ, ನಾನೂ ನೋಡ್ತೀನಿ’ ಎಂದಳು.

ಅಳಿಯ ಲ್ಯಾಪ್‌ಟಾಪಿನಲ್ಲಿ ನನ್ನ ಹಳೆಯ ಆಟ ಹಚ್ಚಿದ. ಬಿಳಿ ಬಟ್ಟೆಯ ಪುಟ್ಟ ಮನುಷ್ಯ ಮತ್ತೆ ಓಡಿದ. ಮೂವತ್ತು ವರ್ಷದ ಹಿಂದೆ ದಾಟಿದ್ದ ಮೊದಲ ಹಳ್ಳದಲ್ಲೇ ನನ್ನ ಕೈ ತಪ್ಪಿತು, ಮೊಳೆಗಳ ಮೇಲೆ ಬಿದ್ದೆ. ಮಗಳು ಕೀಲಿಮಣೆ ಕಸಿದುಕೊಂಡು ಮೂರನೇ ಪ್ರಯತ್ನಕ್ಕೆ ದಾಟಿದಳು. ಅವಳು ಮುಂದಿನ ಕೋಣೆಗೆ ಕಾಲಿಡುತ್ತಿದ್ದಂತೆ ಹಿಂದಿನಿಂದ ಅವ್ವ ಎಚ್ಚರಿಸಿದಳು: ‘ನಿಲ್ಲ ಮಗಳ, ಅಲ್ಲಿ ನೆಲ ಅಳ್ಳಾಡಾಕ್ಹತ್ತೈತಿ!’

ನಮ್ಮ ಮನೆಯಲ್ಲಿ ಈಗ ಪಕ್ಷ ನಾಲ್ಕು.